ಯೆಜ್ಡಿ ಒದೆಯುವವರ ಕೈಪಿಡಿ

ಈ ಕೈಪಿಡಿಯು 1978ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಯೆಜ್ಡಿ ರೋಡ್‌ಕಿಂಗ್‌ಗೆ ಮಾತ್ರ ಅನ್ವಯಿಸತಕ್ಕದ್ದು. 2022ರಲ್ಲಿ ಯೆಜ್ಡಿ ಹೆಸರು ಹೊತ್ತು ಬಂದ ಗಾಡಿಗಳಿಗೆ ಸ್ಟಾರ್ಟ್ ಬಟನ್ ಇದೆ. ಅವುಗಳ ಮಾಲೀಕರು ಸುಖವಾಗಿರಲಿ.

ಒದೆಯುವ ಮುನ್ನ

ಅಂಗಳದಲ್ಲಿರುವವರನ್ನು ಒಳಗೆ ಕಳಿಸತಕ್ಕದ್ದು. ಎಂಜಿನ್ನಿಗೆ ಪೆಟ್ರೋಲು, ಗಾಳಿ, ಕಿಡಿ ಮೂರೇ ಸಾಕು, ಸಲಹೆ ಬೇಕಾಗಿಲ್ಲ. ಸಾಗರದ ಕಡೆಯ ಮಾವನ ಮನೆಯಲ್ಲಿ ನಾನು ಈ ನಿಯಮ ಮುರಿದೆ. ಮೂರನೇ ಒದೆತಕ್ಕೆ ಭಾವಮೈದುನ “ಭಾವ, ಚೋಕು ಹಾಕಿ” ಅಂದ. ಐದನೆಯದಕ್ಕೆ “ಭಾವ, ಚೋಕು ತೆಗೀರಿ” ಅಂದ. ಹತ್ತನೆಯದರ ಹೊತ್ತಿಗೆ ಅತ್ತೆ ಬಾಗಿಲಿಗೆ ಬಂದು, “ತಿಂಡಿ ತಿಂದ್ಕೊಂಡು ಆಮೇಲೆ ಒದೀರಿ, ಶಕ್ತಿ ಬೇಕಲ್ಲ” ಅಂದರು. ಮೂರು ಸಲಹೆಗಳಲ್ಲಿ ಅವರದರಲ್ಲೇ ಹುರುಳಿತ್ತು.

ಕಿಕ್ಕರ್ ಎಲ್ಲಿ ಎಂದು ಹುಡುಕಬೇಡಿ. ಎಡಗಡೆಯ ಗೇರ್ ಲಿವರನ್ನೇ ಒಳಕ್ಕೆ ಒತ್ತಿ, ತಿರುಗಿಸಿ ನಿಲ್ಲಿಸಿದರೆ ಅದೇ ಕಿಕ್ಕರ್. ಗಾಡಿ ಸ್ಟಾರ್ಟ್ ಆದ ಮೇಲೆ ಮಡಚಿದರೆ ಮತ್ತೆ ಗೇರು. ಬೇರೆ ಗಾಡಿ ಓಡಿಸುವವರಿಗೆ ಇದು ಗೊತ್ತಿರುವುದಿಲ್ಲ. ಆದ್ದರಿಂದ ಯೆಜ್ಡಿ ಕದಿಯಲು ಬಂದವನು ಮೊದಲು ಮಾಲೀಕನನ್ನೇ ಎಬ್ಬಿಸಿ ಕೇಳಬೇಕು.

ಪೆಟ್ರೋಲ್ ಕಾಕ್ ತೆರೆದು, ಚೋಕು ಹಾಕಿ, ಕೀ ಹಾಕದೆಯೇ ಎರಡು ಸಲ ನಿಧಾನವಾಗಿ ಒದೆಯಿರಿ. ಆಮೇಲೆ ಕೀ ಹಾಕಿ, ಇಡೀ ಮೈಭಾರ ಬಿಟ್ಟು ಒಂದೇ ಒದೆತ. ಅರ್ಧಮನಸ್ಸಿನ ಒದೆತ ಕೂಡದು. ಏಕೆಂಬುದು ಕೊನೆಯಲ್ಲಿದೆ.

ಆಗಲಿಲ್ಲವೇ?

ಬಯ್ಯುವುದಕ್ಕೆ ಮೊದಲು ಪ್ಲಗ್ ಬಿಚ್ಚಿ ಮೂಗಿನ ಹತ್ತಿರ ಹಿಡಿಯಿರಿ. ಅರ್ಧ ಜಾತಕ ಅಲ್ಲೇ ಇದೆ.

ಒದ್ದೆಯಾಗಿದ್ದರೆ ಪೆಟ್ರೋಲು ಬಂದಿದೆ, ಉರಿದಿಲ್ಲ. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ಗಿನ ತೂತಿನಿಂದ ದೂರದಲ್ಲಿ ಎಂಜಿನ್ನಿನ ಮೈಗೆ ಒತ್ತಿ ಹಿಡಿದು ಒದೆಯಿರಿ. ನೀಲಿ ಕಿಡಿ ಚಟ್ಟನೆ ಹಾರಿದರೆ ಕ್ಷೇಮ. ಹಳದಿಯಾಗಿ, ಮುಜುಗರಪಟ್ಟುಕೊಂಡು ಬಂದರೆ ಪಾಯಿಂಟು ಕೊಳೆಯಾಗಿದೆ, ಇಲ್ಲವೇ ಕಂಡೆನ್ಸರ್ ಹೋಗಿದೆ. ಪಾಯಿಂಟು ಒರೆಸಲು ಮದುವೆ ಕರೆಯೋಲೆಯ ಒಂದು ತುಂಡು ಸಾಕು. ನುಣುಪಿಲ್ಲದ ಕಾಗದದ್ದಿರಲಿ, ಈಗಿನ ಮಿರುಗುವ ಕರೆಯೋಲೆಗಳಿಂದ ಪಾಯಿಂಟಿಗೂ ಪ್ರಯೋಜನವಿಲ್ಲ.

ಪ್ಲಗ್ಗು ತೊಯ್ದು ತೊಟ್ಟಿಕ್ಕುತ್ತಿದ್ದರೆ ಫ್ಲಡ್ ಆಗಿದೆ. ಟೂ-ಸ್ಟ್ರೋಕಿನಲ್ಲಿ ಪೆಟ್ರೋಲು ನೇರ ಮೇಲೆ ಹೋಗುವುದಿಲ್ಲ. ಮೊದಲು ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್ ಕೇಸಿಗೆ ಇಳಿದು ಆಮೇಲೆ ಮೇಲೇರುತ್ತದೆ. ನಿಮ್ಮ ಉತ್ಸಾಹದ ಇಪ್ಪತ್ತು ಒದೆತಗಳ ಪೆಟ್ರೋಲೆಲ್ಲ ಈಗ ಆ ನೆಲಮಾಳಿಗೆಯಲ್ಲಿ ಕೂತಿದೆ. ಕೀ ತೆಗೆದು, ಕಾಕ್ ಮುಚ್ಚಿ, ಚೋಕು ತೆಗೆದು, ಆಕ್ಸಿಲರೇಟರ್ ಪೂರ್ತಿ ತಿರುವಿ, ಪ್ಲಗ್ಗಿಲ್ಲದೆ ಹತ್ತಾರು ಸಲ ಒದೆಯಿರಿ. ಬೀಡಿ ಸೇದುವ ನೆಂಟರು ಆ ಹೊತ್ತಿಗೆ ತೋಟ ನೋಡಿಬರಲಿ.

ಪ್ಲಗ್ಗು ಒಣಗಿದ್ದರೆ? ನನ್ನದು ಒಣಗಿತ್ತು. ಟ್ಯಾಂಕಿನಲ್ಲಿ ಪೆಟ್ರೋಲಿತ್ತು, ಲೀಟರಿಗೆ ನಲವತ್ತು ಎಂಎಲ್ ಆಯಿಲೂ ಬೆರೆತಿತ್ತು. ಕಾರ್ಬೊರೇಟರ್ ಬಿಚ್ಚಿ, ಜೆಟ್ಟಿನ ಕೂದಲಿನಂಥ ತೂತಿಗೆ ಬಾಯಿಟ್ಟು ಊದಿ, ತುಟಿಯೆಲ್ಲ ಕಪ್ಪಾದ ಮೇಲೆ ಟ್ಯಾಂಕಿನ ಮುಚ್ಚಳದ ಕಡೆ ಕಣ್ಣು ಹೋಯಿತು. ನೀರಿಳಿಯದಿರಲಿ ಎಂದು ಮಾವ ಪ್ಲಾಸ್ಟಿಕ್ ಕೊಟ್ಟೆ ಹೊದಿಸಿ, ಎರಡು ಸುತ್ತು ರಬ್ಬರ್ ಬ್ಯಾಂಡು ಹಾಕಿದ್ದರು. ಮುಚ್ಚಳದ ಗಾಳಿತೂತು ಮುಚ್ಚಿ ಪೆಟ್ರೋಲು ಕೆಳಗಿಳಿಯುವುದನ್ನೇ ನಿಲ್ಲಿಸಿತ್ತು. ಕೊಟ್ಟೆ ಬಿಚ್ಚಿ ಮುಚ್ಚಳ ತಿರುವಿದಾಗ ಟ್ಯಾಂಕು ಸುಸ್ಸೆಂದು ಉಸಿರೆಳೆದುಕೊಂಡಿತು. ಅಳಿಯನ ಗಾಡಿಯ ಮೇಲಿನ ಕಾಳಜಿಯಿಂದ ಆದ ದೋಷವನ್ನು ಬಾಯಿಬಿಟ್ಟು ಹೇಳತಕ್ಕದ್ದಲ್ಲ. ಕೊಟ್ಟೆಯನ್ನು ಜೇಬಿಗೆ ಸೇರಿಸಿಕೊಳ್ಳಿ.

ಸ್ಟಾರ್ಟ್ ಆದ ಮೇಲೆ

ಇಷ್ಟರಲ್ಲಿ ಕಾಲು ಸೋತಿರುತ್ತದೆ. ಸೋತ ಕಾಲಿನ ಒದೆತಕ್ಕೆ ಪಿಸ್ಟನ್ನು ತುದಿ ದಾಟುವುದಿಲ್ಲ. ಅಷ್ಟರೊಳಗೆ ಕಿಡಿ ಹಾರಿ ಅದನ್ನು ಬಂದ ದಾರಿಗೇ ತಳ್ಳುತ್ತದೆ. ವಾಲ್ವಿರುವ ಎಂಜಿನ್ನಾದರೆ ಅಲ್ಲಿಗೆ ಮುಗಿಯಿತು. ಇದಕ್ಕೆ ವಾಲ್ವುಗಳಿಲ್ಲ. ಒಳಬರುವ, ಹೊರಹೋಗುವ ತೂತುಗಳನ್ನು ಪಿಸ್ಟನ್ನೇ ತೆರೆದು ಮುಚ್ಚುತ್ತದೆ. ಯಾವ ಕಡೆ ತಿರುಗಿದರೂ ಅದಕ್ಕೆ ಬೇಸರವಿಲ್ಲ. ಆದ್ದರಿಂದ ಎಂಜಿನ್ನು ಉಲ್ಟಾ ಓಡುತ್ತಾ ಡಬ್ ಡಬ್ ಎನ್ನತೊಡಗಬಹುದು. ಕಿವಿಗೆ ಸಂಗೀತವೇ. ಎರಡೂ ಸೈಲೆನ್ಸರಿನಿಂದ ಹೊಗೆ, ಭಾವಮೈದುನನಿಂದ ಚಪ್ಪಾಳೆ.

ನಾನು ಕಿಕ್ಕರ್ ಮಡಚಿ, ಮೊದಲ ಗೇರಿಗೆ ಹಾಕಿ, ಮಾವನ ಕಡೆ ಒಮ್ಮೆ ಗತ್ತಿನಿಂದ ನೋಡಿ ಕ್ಲಚ್ ಬಿಟ್ಟೆ. ಗಾಡಿ ಹಿಂದಕ್ಕೆ ಜಿಗಿದು, ಅಂಗಳದಲ್ಲಿ ಬೇಯಿಸಿ ಹರವಿದ್ದ ಅಡಿಕೆಯ ನಟ್ಟನಡುವೆ ಹೋಗಿ ನಿಂತಿತು.

“ಭಾವ, ಇದ್ರಲ್ಲಿ ರಿವರ್ಸ್ ಗೇರೂ ಇದ್ಯಾ?”

ಪರಿಹಾರ: ಕೀ ಆಫ್ ಮಾಡಿ, ಅಡಿಕೆ ಹೆಕ್ಕಿ ಮುಗಿಸಿ, ಮತ್ತೆ ಒದೆಯತಕ್ಕದ್ದು.