ಆಟಗಾರನ ಮೈಮರೆವು ಕೆಡಿಸುವ ಕ್ರಮ

ರೋಲ್-ಪ್ಲೇಯಿಂಗ್ ಗೇಮ್ ಮಾಡಲು ಹೊರಟಿದ್ದೀರಾ? ದುಡ್ಡನ್ನೆಲ್ಲ ಡ್ರ್ಯಾಗನ್ ಮೇಲೆ ಸುರಿಯಿರಿ. ಅದನ್ನು ಆಟಗಾರ ಹೇಗೂ ನಂಬುತ್ತಾನೆ. ಅವನಿಗೆ ಅನುಮಾನ ಬರುವುದು ಬಕೆಟ್ ನೋಡಿದಾಗ. ಆದ್ದರಿಂದ ಬಕೆಟ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

2011ರ ಸ್ಕೈರಿಮ್ ಅನ್ನು ಮಾದರಿಯಾಗಿ ಇಟ್ಟುಕೊಳ್ಳಿ. ಅಲ್ಲಿ ಅಂಗಡಿಯವನ ತಲೆಗೆ ಬಕೆಟ್ ಕವುಚಿ ಹಾಕಿದರೆ ಅವನು ಅದನ್ನು ತೆಗೆಯುವುದೂ ಇಲ್ಲ, ಗೊಣಗುವುದೂ ಇಲ್ಲ. ಅಂಗಡಿ ಗುಡಿಸಿಕೊಂಡು ಹೊರಡಬಹುದು. ಕಳ್ಳತನ ಸಿಕ್ಕಿಬೀಳಲು ಅವನ ಕಣ್ಣಿಗೆ ನೀವು ಕಾಣಬೇಕು. ಕಣ್ಣಿಗೆ ಬಕೆಟ್ ಅಡ್ಡ ಬಂದಿದೆ. ಲೆಕ್ಕ ಸರಿಯಾಗಿಯೇ ಇದೆ. ತಲೆಗೆ ಬಕೆಟ್ ಬಿದ್ದ ಮನುಷ್ಯ ಏನು ಮಾಡುತ್ತಾನೆ ಎಂದು ಮಾತ್ರ ಯಾರನ್ನೂ ಕೇಳಬೇಡಿ.

ಕಾವಲುಗಾರರಿಗೆ ಮಾತು ಬರೆಯುವಾಗ ಜಿಪುಣತನ ತೋರಿಸಿ. ಮೊಣಕಾಲಿಗೆ ಬಾಣ ನಾಟಿ ಸಾಹಸ ಬಿಟ್ಟೆ ಎಂದು ಒಬ್ಬ ಹೇಳಿದರೆ ಅಯ್ಯೋ ಅನ್ನಿಸುತ್ತದೆ. ಅದೇ ಮಾತನ್ನು ಮುಂದಿನ ಊರಿನ ಕಾವಲುಗಾರನಿಗೂ ಕೊಡಿ, ಅದರಾಚೆಯವನಿಗೂ ಕೊಡಿ. ದೇಶದ ಬಾಣಗಳೆಲ್ಲ ಮೊಣಕಾಲನ್ನೇ ಹುಡುಕಿಕೊಂಡು ಹೋದವೇನೋ ಎನ್ನಿಸಿದಾಗ ಕನಿಕರ ತಾನಾಗಿ ಇಳಿಯುತ್ತದೆ.

ರೆಕಾರ್ಡಿಂಗ್ ಮುಗಿದ ಮೇಲೆ ಮತ್ತೆ ಕೇಳಿ ನೋಡಬೇಡಿ. 2006ರ ಆಬ್ಲಿವಿಯನ್‌ನಲ್ಲಿ ನಟಿಯೊಬ್ಬಳು ಸಾಲು ತಪ್ಪಿ, ಇನ್ನೊಮ್ಮೆ ಹೇಳುತ್ತೇನೆ ಎಂದದ್ದು ಹಾಗೇ ಆಟದೊಳಗೆ ಉಳಿದಿದೆ. ಅಲ್ಲಿನ ಭಿಕ್ಷುಕರು ಕಾಸು ಬೇಡುವಾಗ ಒಂದು ದನಿ, ಊರ ಸುದ್ದಿ ಹೇಳುವಾಗ ಇನ್ನೊಂದು ದನಿ.

ಕಥೆಗೆ ಅವಸರ ತುಂಬಿ, ಆಟಕ್ಕೆ ತುಂಬಬೇಡಿ. 2015ರ ವಿಚರ್ 3ರಲ್ಲಿ ನಾಯಕ ಗೆರಾಲ್ಟ್‌ನ ಸಾಕುಮಗಳು ಸಿರಿಯ ಬೆನ್ನು ಹತ್ತಿ ವೈಲ್ಡ್ ಹಂಟ್ ಎಂಬ ಸವಾರರ ದಂಡು ಬರುತ್ತಿದೆ; ಅಪ್ಪ ಮಾತ್ರ ಅಂಗಡಿಯವರ ಜೊತೆ ಗ್ವೆಂಟ್ ಎಂಬ ಎಲೆಯಾಟ ಆಡುತ್ತ ಎಷ್ಟು ದಿನ ಬೇಕಾದರೂ ಕೂರಬಹುದು. ವೈಲ್ಡ್ ಹಂಟ್ ಕಾಯುತ್ತದೆ. ತುಂಬ ಮರ್ಯಾದಸ್ಥರು.

ಒಂದು ಎಚ್ಚರಿಕೆ: ತಪ್ಪು ಅಳತೆ ಮೀರಬಾರದು. ಅದೇ ಆಟದಲ್ಲಿ ಕುದುರೆ ರೋಚ್ ಮನೆಯ ಸೂರಿನ ಮೇಲೆ ಹೋಗಿ ನಿಂತಾಗ ಜನ ಸಿಟ್ಟಾಗಲಿಲ್ಲ. ಚಿತ್ರ ತೆಗೆದು ಹಂಚಿ ನಕ್ಕರು. ಹಾಗಾದರೆ ನಿಮ್ಮ ಶ್ರಮ ದಂಡ. ಕುದುರೆಯ ಕಾಲನ್ನು ಮೆಟ್ಟಿಲೊಳಗೆ ಎರಡು ಬೆರಳಷ್ಟು ಹೂಳಿ, ಸಾಕು. ಆಟಗಾರ ನಗುವುದಿಲ್ಲ, ದೂರುವುದೂ ಇಲ್ಲ. ಆಮೇಲೆ ಇಡೀ ರಾತ್ರಿ ಕಾಲನ್ನೇ ನೋಡುತ್ತಾನೆ.

ವ್ಯಾಪಾರದ ಚಿಂತೆ ಬೇಡ. 2023ರ ಹೊತ್ತಿಗೆ ಸ್ಕೈರಿಮ್ 6 ಕೋಟಿ ಪ್ರತಿಗಳನ್ನು ದಾಟಿತ್ತು.