ಫೈಟರ್‌ವೈದ್ಯ ದರ್ಪಣ, ಅಥವಾ ಫ್ರಿಜ್ಜಿನ ಮೇಲಿನ ರೋಗಿ

ಪ್ರಾಣಿವೈದ್ಯದ ವಿಷಯದಲ್ಲಿ ಕನ್ನಡ ಬಡ ಭಾಷೆಯೇನಲ್ಲ. ಚಾಲುಕ್ಯರ ಮನೆತನದ ಕೀರ್ತಿವರ್ಮ ದನಗಳ ರೋಗಕ್ಕೆಂದೇ ‘ಗೋವೈದ್ಯ’ ರಚಿಸಿದ. 14ನೆಯ ಶತಮಾನದ ಮಂಗರಾಜ ವಿಷವೈದ್ಯವನ್ನೆಲ್ಲ ‘ಖಗೇಂದ್ರಮಣಿದರ್ಪಣ’ದಲ್ಲಿ ತುಂಬಿಟ್ಟ. ಮೀನಿನ ಮಾತಿಗೆ ಬಂದರೆ, ಕಲ್ಯಾಣದಿಂದ ಆಳಿದ 3ನೆಯ ಸೋಮೇಶ್ವರ ತನ್ನ ಸಂಸ್ಕೃತ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೂ ಜಾಗ ಮಾಡಿಕೊಟ್ಟು, ಯಾವ ಮೀನಿಗೆ ಎಂಥ ಉಂಡೆ ಹಾಕಬೇಕೆಂದು ವಿವರಿಸಿದ್ದಾನೆ. ಆದರೆ ಆ ಉಂಡೆಯ ಹಿಂದೆ ಗಾಳವಿತ್ತು. ಗಾಳಕ್ಕೆ ಬಿದ್ದ ಮೀನಿನ ಆರೋಗ್ಯದ ಪ್ರಶ್ನೆ ಅರಮನೆಯಲ್ಲಿ ಊಟದ ಹೊತ್ತಿಗೆ ತಾನಾಗಿಯೇ ಬಗೆಹರಿಯುತ್ತಿತ್ತು. ಹೀಗಾಗಿ ಫ್ರಿಜ್ಜಿನ ಮೇಲೆ ಗಾಜಿನ ಬುರುಡೆಯಲ್ಲಿ ಒಬ್ಬಂಟಿಯಾಗಿ ನರಳುವ ಮೀನಿಗೆ ವೈದ್ಯಶಾಸ್ತ್ರವೊಂದು ಬಾಕಿ ಉಳಿದಿದೆ. ಆ ಋಣ ತೀರಿಸಲು ಈ ಗ್ರಂಥ.

ಅನುಬಂಧ ಪ್ರಕರಣ

ಶಾಸ್ತ್ರಗ್ರಂಥವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಬೇಕು. ವಿಷಯ, ಬೆಟ್ಟಾ ಮೀನು. ಅಕ್ವೇರಿಯಂ ಅಂಗಡಿಯಲ್ಲಿ ಎಲ್ಲರೂ ಫೈಟರ್ ಎನ್ನುವುದರಿಂದ ನಾವೂ ಹಾಗೇ ಕರೆಯುತ್ತೇವೆ. ಪ್ರಯೋಜನ, ಅದು ಬದುಕುವುದು. ಸಂಬಂಧ, ಮಗು ಹುಟ್ಟುಹಬ್ಬಕ್ಕೆ ಕೇಳಿತು, ಅಪ್ಪ ಕೊಡಿಸಿದರು, ನೀರು ಬದಲಿಸುವುದು ಅಮ್ಮ. ಇನ್ನು ಅಧಿಕಾರಿ ಯಾರೆಂದರೆ, ರಾತ್ರಿ ಹನ್ನೊಂದು ಗಂಟೆಗೆ ಮೊಬೈಲ್ ಟಾರ್ಚ್ ಹಿಡಿದು ಗಾಜಿಗೆ ಮೂಗು ಒತ್ತಿ, “ರೀ, ಇದು ಉಸಿರಾಡ್ತಾ ಇದೆಯೇನ್ರೀ?” ಎಂದು ಮಲಗಿದ್ದವರನ್ನು ಎಬ್ಬಿಸುವವರು. ಎಬ್ಬಿಸಿದರೂ ಏಳದವರಿಗೆ ಈ ಶಾಸ್ತ್ರದಲ್ಲಿ ಪ್ರವೇಶವಿಲ್ಲ.

ವಂಶ ಪ್ರಕರಣ

ರೋಗಿಯ ಮೂಲ ಥಾಯ್ಲೆಂಡಿನ ಗದ್ದೆ, ಜೌಗು, ನಿಧಾನ ಹರಿಯುವ ಕಾಲುವೆ. ಕಾಳಗಕ್ಕೆಂದೇ ಅಲ್ಲಿನ ಜನ ಇದನ್ನು ಸಾಕಿ ತಳಿ ಎಬ್ಬಿಸಿದರು. 2022ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನವೊಂದು ಈ ಸಾಕಣೆಗೆ ಕನಿಷ್ಠ 1000 ವರ್ಷ ವಯಸ್ಸು ಕಟ್ಟಿದೆ. ಸಯಾಮಿನ ದೊರೆಯ ಕಡೆಯಿಂದ ಕೆಲವು ಮೀನುಗಳು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಥಿಯೊಡೋರ್ ಕ್ಯಾಂಟರ್ ಕೈ ಸೇರಿದವು. ಮೀನುಕಾಳಗ ನಡೆಸುವ ಪರವಾನಗಿಯಿಂದ ದೊರೆಯ ಬೊಕ್ಕಸಕ್ಕೆ ಒಳ್ಳೆಯ ವರಮಾನವಿತ್ತೆಂದೂ ಆತ ಬರೆದಿದ್ದಾನೆ. ಅವನಿಟ್ಟ ಹೆಸರು ಆಗಲೇ ಇನ್ನೊಂದು ಮೀನಿಗೆ ಸಂದಿತ್ತೆಂದು ತೋರಿಸಿ 1910ರಲ್ಲಿ ಟೇಟ್ ರೀಗನ್ ಎಂಬ ಬ್ರಿಟಿಷ್ ಮತ್ಸ್ಯಶಾಸ್ತ್ರಜ್ಞ ‘ಬೆಟ್ಟಾ ಸ್ಪ್ಲೆಂಡೆನ್ಸ್’ ಎಂದು ಮರುನಾಮಕರಣ ಮಾಡಿದ. 2019ರಲ್ಲಿ ಥಾಯ್ ಸರ್ಕಾರ ಇದನ್ನು ರಾಷ್ಟ್ರೀಯ ಜಲಚರವೆಂದು ಸಾರಿತು. ಇಷ್ಟೆಲ್ಲ ಬಿರುದು ಹೊತ್ತ ಜೀವ ನಮ್ಮ ಊರಿಗೆ ಬರುವಾಗ ಐಸ್‌ಕ್ರೀಂ ಕಪ್ಪಿನಷ್ಟು ಪ್ಲಾಸ್ಟಿಕ್ ಲೋಟದಲ್ಲಿ ಬರುತ್ತದೆ. ಮೇಲೆ ದರದ ಚೀಟಿ.

ಇಲ್ಲೊಂದು ಪೂರ್ವಪಕ್ಷ. “ಫೈಟರ್ ಗಾಳಿ ಕುಡಿದು ಬದುಕುವ ಮೀನು, ಅದಕ್ಕೆ ಲೋಟ ನೀರು ಸಾಕು” ಎಂಬುದು ಅಂಗಡಿ ಸಂಪ್ರದಾಯದ ಮತ. ಮಾತಿನ ಮೊದಲರ್ಧ ನಿಜ. ಕಿವಿರಿನ ಜೊತೆಗೆ ಅದಕ್ಕೆ ಲ್ಯಾಬಿರಿಂತ್ ಎಂಬ ಅಂಗವಿದೆ. ಮೇಲೆ ಬಂದು ಗಾಳಿ ಗುಟುಕರಿಸಿ ಹೋಗುತ್ತದೆ, ಆ ದಾರಿ ಮುಚ್ಚಿದರೆ ನೀರಿನಲ್ಲೇ ಉಸಿರುಕಟ್ಟಿ ಸಾಯುತ್ತದೆ. ಆದರೆ ಗಾಳಿ ಕುಡಿಯಬಲ್ಲುದು ಎಂಬುದರಿಂದ ಹೊಲಸಿನಲ್ಲಿ ಬಾಳಬಲ್ಲುದು ಎಂದು ಹೊರಡುವ ತರ್ಕಕ್ಕೆ ಹೇತ್ವಾಭಾಸವೆಂದು ಹೆಸರು. ಅಂಗಡಿಯವರೂ ಗಾಳಿ ಕುಡಿಯುವವರೇ. ಅವರನ್ನು ಯಾರೂ ಬಚ್ಚಲಿನಲ್ಲಿ ಕೂಡಿಹಾಕಿಲ್ಲ. ಸಿದ್ಧಾಂತ: ಒಂದು ಮೀನಿಗೆ ಮುಚ್ಚಳವಿರುವ 15–20 ಲೀಟರಿನ ತೊಟ್ಟಿ, ಮೆಲ್ಲನೆ ಹರಿಯುವ ಫಿಲ್ಟರ್, 24ರಿಂದ 28 ಡಿಗ್ರಿ ಶಾಖ. ಬೆಂಗಳೂರಿನ ಡಿಸೆಂಬರ್ ರಾತ್ರಿಯಲ್ಲಿ ನಾವು ಕಂಬಳಿ ಹೊದೆಯುವುದಾದರೆ ಅದಕ್ಕೊಂದು ಹೀಟರ್ ಬೇಕೆಂಬುದಕ್ಕೆ ಬೇರೆ ಪ್ರಮಾಣ ಬೇಡ.

ಜಲ ಪ್ರಕರಣ

ಈ ಗ್ರಂಥದಲ್ಲಿ ಇದೊಂದು ಪ್ರಕರಣವನ್ನು ಓದಿ ಮಿಕ್ಕಿದ್ದನ್ನು ಹರಿದು ಬಿಸಾಡಿದರೂ ಮೀನು ಬದುಕೀತು. ಗ್ರಂಥಕರ್ತನಿಗೆ ಬೇಸರವಾಗುತ್ತದೆ, ಅಷ್ಟೆ.

ಮೀನು ತಿನ್ನುತ್ತದೆ, ವಿಸರ್ಜಿಸುತ್ತದೆ, ಕಿವಿರಿನಿಂದಲೂ ಅಮೋನಿಯಾ ಬಿಡುತ್ತದೆ. ತಿನ್ನದೆ ಬಿಟ್ಟ ಕಾಳು ಕೊಳೆತು ಅದಕ್ಕೆ ಇನ್ನಷ್ಟು ಸೇರಿಸುತ್ತದೆ. ನೀರು ಮಾತ್ರ ಕನ್ನಡಿಯಷ್ಟು ತಿಳಿಯಾಗಿಯೇ ಕಾಣುತ್ತದೆ; ಈ ವಿಷಕ್ಕೆ ಬಣ್ಣವಿಲ್ಲ. ಅಮೋನಿಯಾವನ್ನು ನೈಟ್ರೈಟ್ ಮಾಡುವ ಒಂದು ಜಾತಿಯ ಬ್ಯಾಕ್ಟೀರಿಯಾ, ನೈಟ್ರೈಟನ್ನು ಅಷ್ಟು ಕೆಡುಕಲ್ಲದ ನೈಟ್ರೇಟ್ ಮಾಡುವ ಇನ್ನೊಂದು ಜಾತಿ, ಫಿಲ್ಟರಿನ ಸ್ಪಂಜಿನಲ್ಲಿ ಮತ್ತು ಕಲ್ಲುಗಳ ಮೇಲೆ ನೆಲೆಯೂರಬೇಕು. ರಷ್ಯದ ಸೆರ್ಗೈ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಮಣ್ಣಿನಲ್ಲಿ ಪತ್ತೆಹಚ್ಚಿದ ಕೆಲಸಗಾರರು ಇವರದೇ ಬಳಗ. ಹೊಸ ತೊಟ್ಟಿಯಲ್ಲಿ ಇವರ ಸಂಸಾರ ಹೂಡಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ.

ಈಗ ಗೃಹಸ್ಥಾಶ್ರಮದ ಭಾನುವಾರವನ್ನು ಪರಿಶೀಲಿಸೋಣ. ಮನೆಯ ಯಜಮಾನರು ಪಂಚೆ ಎತ್ತಿ ಕಟ್ಟಿ, ಮೀನನ್ನು ಸ್ಟೀಲ್ ಚೊಂಬಿಗೆ ವರ್ಗಾಯಿಸಿ, ತೊಟ್ಟಿಯ ನೀರನ್ನೆಲ್ಲ ಚೆಲ್ಲಿ, ಕಲ್ಲುಗಳನ್ನು ಪಾತ್ರೆ ಸೋಪಿನಲ್ಲಿ ಉಜ್ಜಿ, ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ, ಆಗತಾನೆ ಬಂದ ಕಾವೇರಿ ನೀರು ತುಂಬಿಸುತ್ತಾರೆ. ತೊಟ್ಟಿ ಥಳಥಳ. ಬ್ಯಾಕ್ಟೀರಿಯಾ ಕುಲ ನಿರ್ನಾಮ. ನಲ್ಲಿ ನೀರಿನ ಕ್ಲೋರಿನ್ ಕಿವಿರಿಗೆ, ಹೊಸ ಅಮೋನಿಯಾ ರಕ್ತಕ್ಕೆ. ಬುಧವಾರದ ಹೊತ್ತಿಗೆ ಮೀನು ಮೂಲೆ ಸೇರುತ್ತದೆ. ಮನೆಯವರು “ಇಷ್ಟು ಚೊಕ್ಕಟವಾಗಿ ಇಟ್ಟಿದ್ದರೂ ಯಾಕೆ ಹೀಗಾಯಿತು?” ಎಂದು ದೃಷ್ಟಿ ತೆಗೆಯುತ್ತಾರೆ. ಶಾಸ್ತ್ರದ ಉತ್ತರ: ಚೊಕ್ಕಟವಾಗಿ ಇಟ್ಟಿದ್ದರಿಂದಲೇ.

ವಿಧಿ ಹೀಗಿದೆ. ವಾರಕ್ಕೊಮ್ಮೆ ಕಾಲುಭಾಗದಿಂದ ಮೂರನೇ ಒಂದು ಭಾಗ ನೀರು ಮಾತ್ರ ಬದಲಿಸಬೇಕು. ಹೊಸ ನೀರಿಗೆ ಆಂಟಿ-ಕ್ಲೋರಿನ್ ಹನಿ ಬೆರೆಸಿ, ತೊಟ್ಟಿಯ ಶಾಖಕ್ಕೆ ಹೊಂದಿಸಿ ಮೆಲ್ಲಗೆ ಹುಯ್ಯಬೇಕು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಜಾಲಾಡಬೇಕು. ಸೋಪು ಬಳಿ ಸುಳಿಯಕೂಡದು. ಬೋರ್‌ವೆಲ್ ನೀರಿನವರಿಗೆ ಒಂದು ಟಿಪ್ಪಣಿ: ನೀರು ಕ್ಷಾರೀಯವಾದಷ್ಟೂ ಅದೇ ಪ್ರಮಾಣದ ಅಮೋನಿಯಾ ಹೆಚ್ಚು ಘಾತಕ. ಟ್ಯಾಂಕರ್ ನೀರಿನವರು ದಿನಕ್ಕೊಂದು ಊರಿನ ನೀರು ಪಡೆಯುವ ಭಾಗ್ಯಶಾಲಿಗಳು. ಅವರು ಟೆಸ್ಟ್ ಕಿಟ್ ಕೊಂಡುಕೊಳ್ಳತಕ್ಕದ್ದು.

ನಿದಾನ ಪ್ರಕರಣ

ರೋಗಿ ಮಾತಾಡುವುದಿಲ್ಲ, ನಾಡಿ ಕೊಡುವುದಿಲ್ಲ. ಆದ್ದರಿಂದ ದರ್ಶನವೊಂದೇ ಪರೀಕ್ಷೆ.

ಈಜುರೆಕ್ಕೆ ಸೀಳಿದ್ದರೆ ಮೊದಲು ಸೀಳಿದ ಅಂಚನ್ನು ನೋಡಬೇಕು. ಅಂಚು ನೆಟ್ಟಗೆ, ಬಣ್ಣ ಬದಲಾಗದೆ ಇದ್ದರೆ ಅದು ಗಾಯ. ಅಪರಾಧಿ ತೊಟ್ಟಿಯೊಳಗಿನ ಪ್ಲಾಸ್ಟಿಕ್ ಗಿಡ, ಇಲ್ಲವೇ ಚೀನೀ ಕೋಟೆಯ ಕಿಟಕಿ, ಇಲ್ಲವೇ ಸ್ವತಃ ಮೀನು. ಭಾರವಾದ ಬಾಲ ಹೊತ್ತ ತಳಿಗಳು ತಮ್ಮ ಬಾಲವನ್ನು ತಾವೇ ಕಚ್ಚಿಕೊಳ್ಳುವುದುಂಟು. ಅಂಚು ಕಪ್ಪಾಗಿ ಅಥವಾ ಕೆಂಪಾಗಿ, ದಿನದಿಂದ ದಿನಕ್ಕೆ ಒಳಗೊಳಗೆ ಸವೆಯುತ್ತಿದ್ದರೆ ಅದು ಫಿನ್ ರಾಟ್. ಅಪರಾಧಿ ಬ್ಯಾಕ್ಟೀರಿಯಾ, ಅದಕ್ಕೆ ಬಾಗಿಲು ತೆರೆದದ್ದು ನೀರು. ಗಾಯಕ್ಕೂ ಕೊಳೆತಕ್ಕೂ ಮೊದಲ ಮದ್ದು ಒಂದೇ, ಶುದ್ಧವಾದ ಬೆಚ್ಚಗಿನ ನೀರು. ಹಾಗಿದ್ದರೆ ವ್ಯತ್ಯಾಸ ತಿಳಿಯುವುದೇಕೆ ಎಂದು ಶಿಷ್ಯ ಕೇಳಬಹುದು. ಗಾಯವಾದರೆ ಕೋಟೆಯನ್ನು ತೆಗೆದು ಬಿಸಾಡಬೇಕಲ್ಲ, ಅದಕ್ಕೆ.

ಮೈಮೇಲೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆ ಬಂದರೆ ಇಚ್. ಇದು ಪರಾವಲಂಬಿ ಜೀವಿ. ಚರ್ಮದಡಿ ಅಡಗಿರುವಾಗ ಅದಕ್ಕೆ ಯಾವ ಮದ್ದೂ ತಟ್ಟುವುದಿಲ್ಲ, ನೀರಿಗಿಳಿದು ಈಜುವ ಹೊತ್ತಿನಲ್ಲಿ ಮಾತ್ರ ಸಿಕ್ಕಿಬೀಳುತ್ತದೆ. ಆದ್ದರಿಂದ ಚುಕ್ಕೆ ಮಾಯವಾಯಿತೆಂದು ಮದ್ದು ನಿಲ್ಲಿಸುವವರನ್ನು ಅದು ಮರುವಾರ ಸಕುಟುಂಬ ಬಂದು ಕಾಣುತ್ತದೆ. ಕತ್ತಲಲ್ಲಿ ಟಾರ್ಚ್ ಓರೆಯಾಗಿ ಹಿಡಿದಾಗ ಮೈಮೇಲೆ ಚಿನ್ನದ ಧೂಳು ಮಿನುಗಿದರೆ ವೆಲ್ವೆಟ್. ಇದರ ಕರ್ತೃವಿನೊಳಗೆ ಹರಿತ್ತು ಇರುವುದರಿಂದ ಮದ್ದಿನ ಜೊತೆಗೆ ತೊಟ್ಟಿಯ ದೀಪ ಆರಿಸುವುದೂ ಚಿಕಿತ್ಸೆಯೇ. “ಎಷ್ಟು ಹೊಳೀತಿದೆ ನೋಡು” ಎಂದು ಫೋಟೋ ತೆಗೆದು ಬಂಧುಗಳಿಗೆ ಕಳಿಸಿದವರು ಕೂಡಲೇ ಎರಡನೆಯ ಸಂದೇಶ ಕಳಿಸತಕ್ಕದ್ದು.

ಮೀನು ಓರೆಯಾಗಿ ತೇಲಿದರೆ ಅಥವಾ ತಳಕ್ಕೆ ಬಿದ್ದು ಏಳಲಾರದೆ ಹೆಣಗಿದರೆ ಈಜುಚೀಲದ ತೊಂದರೆ. ಬಹಳ ಸಲ ಇದರ ಬೇರು ಹೊಟ್ಟೆಯಲ್ಲಿದೆ, ಹೊಟ್ಟೆಯ ಬೇರು ನಮ್ಮ ಪ್ರೀತಿಯಲ್ಲಿ. ಫೈಟರಿನ ಜಠರ ಸುಮಾರು ಅದರ ಕಣ್ಣಿನಷ್ಟು. ಅಷ್ಟು ಜಠರಕ್ಕೆ ಮನೆಯಲ್ಲಿ ಅಜ್ಜಿ ಒಮ್ಮೆ, ಮಗು ಒಮ್ಮೆ, ಆಫೀಸಿನಿಂದ ಬಂದವರು ಒಮ್ಮೆ ಕಾಳು ಹಾಕುತ್ತಾರೆ.

ಮತವಿಮರ್ಶಾ ಪ್ರಕರಣ

ಚಿಕಿತ್ಸೆಯಲ್ಲಿ ನಾಲ್ಕು ದರ್ಶನಗಳಿವೆ. ಒಂದಕ್ಕೊಂದು ಮುಖ ಕೊಟ್ಟು ಮಾತಾಡುವುದಿಲ್ಲ.

ಲವಣವಾದಿಗಳಿಗೆ ಸರ್ವರೋಗಕ್ಕೂ ಉಪ್ಪು. ಲೀಟರಿಗೆ 1ರಿಂದ 3 ಗ್ರಾಂನಷ್ಟು ಅಕ್ವೇರಿಯಂ ಉಪ್ಪನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ ಬೆರೆಸಿ, ಹತ್ತು ದಿನ ಮೀರದಂತೆ ಬಳಸಿದರೆ ಗಾಯಕ್ಕೆ, ಮೊದಲ ಹಂತದ ಫಿನ್ ರಾಟಿಗೆ, ಇಚ್‌ಗೆ ಉಪಕಾರವುಂಟು. ಇಷ್ಟರಮಟ್ಟಿಗೆ ಇವರು ಪ್ರಾಮಾಣಿಕರು. ಆದರೆ ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ನೀರು ಇಳಿಯಿತೆಂದು ಪ್ರತಿದಿನ ಉಪ್ಪುನೀರನ್ನೇ ಸೇರಿಸಿದ ಲವಣವಾದಿಯ ತೊಟ್ಟಿ ವಾರದಲ್ಲಿ ಅರಬ್ಬೀ ಸಮುದ್ರದ ದಿಕ್ಕಿಗೆ ಹೊರಟಿರುತ್ತದೆ. ಇದೇ ಪಂಥದೊಳಗೆ ಎಪ್ಸಮ್ ಶಾಖೆಯೊಂದಿದೆ. ಎಪ್ಸಮ್ ಉಪ್ಪು ಮೆಗ್ನೀಸಿಯಂ ಸಲ್ಫೇಟ್. ಊತ ಇಳಿಸಲು, ಮಲಬದ್ಧತೆ ಸಡಿಲಿಸಲು ಬೇಕಾಗುವುದು ಇದು. ಎರಡಕ್ಕೂ ಉಪ್ಪೆಂದೇ ಹೆಸರಾದ್ದರಿಂದ ಒಂದರ ಬದಲು ಇನ್ನೊಂದು ಹಾಕಿ, ಊದಿದ ಮೀನನ್ನು ಇನ್ನಷ್ಟು ಊದಿಸಿದವರುಂಟು.

ಪತ್ರವಾದಿಗಳದು ಕಾಡುಬಾದಾಮಿಯ ಒಣಗಿದ ಎಲೆ. ಎಲೆಯ ಟ್ಯಾನಿನ್ ನೀರನ್ನು ಚಹಾ ಬಣ್ಣಕ್ಕೆ ತಿರುಗಿಸಿ, ಕೊಂಚ ಆಮ್ಲೀಯ ಮಾಡಿ, ಬ್ಯಾಕ್ಟೀರಿಯಾದ ಆಟ ಸ್ವಲ್ಪ ತಗ್ಗಿಸುತ್ತದೆ. ಮೀನಿಗೂ ತವರಿನ ನೀರಿನಂತೆ ಹಿತ. ಇದು ಪಥ್ಯ, ಔಷಧವಲ್ಲ. ಗ್ರಂಥಕರ್ತನಿಗೆ ಈ ಪಂಥದ ಮೇಲೆ ಒಳಗೊಳಗೆ ಒಲವಿದೆ. ಬೆಂಗಳೂರಿನ ಎಷ್ಟೋ ಬೀದಿಗಳಲ್ಲಿ ಪುಕ್ಕಟೆ ಉದುರಿ ಬಿದ್ದಿರುವ ಎಲೆ, ಪ್ಯಾಕೆಟ್ಟಿನೊಳಗೆ ಸೇರಿದ ಕೂಡಲೇ ಬೆಲೆಬಾಳುವ ಚಮತ್ಕಾರವನ್ನು ಇವರಷ್ಟು ಶಾಂತವಾಗಿ ಒಪ್ಪಿಕೊಂಡವರಿಲ್ಲ. ಬೀದಿಯ ಎಲೆ ಆರಿಸುವವರು ಹೊಗೆ, ಧೂಳು, ಕೀಟನಾಶಕ ತಗಲದ ಮರ ನೋಡಿ, ಚೆನ್ನಾಗಿ ತೊಳೆದು ಹಾಕಬೇಕು.

ಬಟಾಣಿವಾದಿಗಳು ಮಲಬದ್ಧತೆಗೆ ಬೇಯಿಸಿದ ಬಟಾಣಿಯ ಸಿಪ್ಪೆ ಸುಲಿದು ತಿನ್ನಿಸುತ್ತಾರೆ. ರೋಗಿ ಮಾತ್ರ ಕುಲಪರಂಪರೆಯಿಂದ ಸೊಳ್ಳೆಮರಿ ತಿಂದು ಬೆಳೆದ ಮಾಂಸಾಹಾರಿ. ಎರಡು ದಿನ ಉಪವಾಸ ಹಾಕಿ, ಆಮೇಲೆ ಡ್ಯಾಫ್ನಿಯಾ ಎಂಬ ನೀರಿನ ಹುಳ ಕೊಟ್ಟರೆ ಅದೇ ಕೆಲಸ ಸಲೀಸಾಗಿ ಆಗುತ್ತದೆ. ಏಕಾದಶಿ ಆಚರಿಸುವ ಮನೆಗಳಲ್ಲೂ ಮೀನಿಗೆ ಉಪವಾಸವೆಂದರೆ ಕಣ್ಣೀರು ಬರುವುದನ್ನು ನಾವು ಗಮನಿಸಿದ್ದೇವೆ.

ನೀಲವಾದಿಗಳು ಮೆಥಿಲೀನ್ ಬ್ಲೂ ಭಕ್ತರು. 1876ರಲ್ಲಿ ಬಟ್ಟೆಯ ಬಣ್ಣವಾಗಿ ಹುಟ್ಟಿ, 1891ರಲ್ಲಿ ಪಾಲ್ ಎರ್ಲಿಕ್ ಕೈಯಲ್ಲಿ ಮಲೇರಿಯಾಕ್ಕೂ ಪ್ರಯೋಗವಾದ ಈ ನೀಲಿ, ಬೂಷ್ಟಿನ ಸೋಂಕಿಗೆ ಒಳ್ಳೆಯ ಮದ್ದು. ಆದರೆ ಮುಖ್ಯ ತೊಟ್ಟಿಗೆ ಸುರಿದರೆ ಜಲ ಪ್ರಕರಣದಲ್ಲಿ ಹೇಳಿದ ಕೆಲಸಗಾರರೂ ಸಾಯುತ್ತಾರೆ. ಗಾಜಿನ ಅಂಟು, ಅಂಗೈ, ಸಿಂಕು, ಮೀನಿಗೆ ಸಂಬಂಧವೇ ಇಲ್ಲದ ಬಿಳಿ ಪಂಚೆ, ಎಲ್ಲವೂ ನೀಲಿ. ಅದಕ್ಕೇ ಪ್ರತ್ಯೇಕ ಆಸ್ಪತ್ರೆ ತೊಟ್ಟಿ ಬೇಕು: ಕೆಲವೇ ಲೀಟರಿನ ಬರಿದಾದ ಡಬ್ಬ, ಹೀಟರ್, ಮರೆಗೊಂದು ಎಲೆ, ದಿನವೂ ಹೊಸ ನೀರು.

ಈ ನಾಲ್ವರಲ್ಲದೆ ಸಮನ್ವಯವಾದಿಗಳೆಂಬವರಿದ್ದಾರೆ. ಅವರು ಉಪ್ಪು, ಎಲೆ, ನೀಲಿ, ಜೊತೆಗೆ ತಮಗೆ ಹೋದ ವರ್ಷ ಜ್ವರಕ್ಕೆ ಬರೆದುಕೊಟ್ಟು ಮಿಕ್ಕಿದ ಆಂಟಿಬಯಾಟಿಕ್ ಮಾತ್ರೆಯ ಅರ್ಧ, ಎಲ್ಲವನ್ನೂ ಒಟ್ಟಿಗೇ ಹಾಕುತ್ತಾರೆ. ಮೀನು ಬದುಕಿದರೆ ಯಾವುದರಿಂದ ಎಂದು ತಿಳಿಯದು, ಸತ್ತರೂ ತಿಳಿಯದು. ಇದನ್ನು ಖಂಡಿಸಲು ಸಹ ಶಾಸ್ತ್ರಕ್ಕೆ ಹಿಡಿ ಸಿಗುವುದಿಲ್ಲ.

ಕನ್ನಡಿ ಪ್ರಕರಣ

ಕಾಯಿಲೆಯ ಮೀನಿಗೆ ಕನ್ನಡಿ ತೋರಿಸಿ ರೆಕ್ಕೆ ಬಿಚ್ಚಿಸಿ ನೆಂಟರನ್ನು ರಂಜಿಸಕೂಡದು.

ಅಸಾಧ್ಯ ಪ್ರಕರಣ

ಮೈ ಊದಿ, ಮೇಲಿನಿಂದ ನೋಡಿದಾಗ ಹುರುಪೆಗಳು ಅನಾನಸಿನಂತೆ ಎದ್ದು ನಿಂತಿದ್ದರೆ ಅದು ಡ್ರಾಪ್ಸಿ. ಇದು ರೋಗವಲ್ಲ, ಒಳಗಿನ ಮೂತ್ರಪಿಂಡ ಸೋತಿದೆಯೆಂಬ ಸೂಚನೆ. ಎಪ್ಸಮ್ ಉಪ್ಪು, ಬೆಚ್ಚಗಿನ ನೀರು, ಮೀನು ಬಲ್ಲ ಪಶುವೈದ್ಯರು ಸಿಕ್ಕರೆ ಅವರು ಹೇಳಿದ ಔಷಧ, ಇಷ್ಟು ಮಾಡಬಹುದು, ಉಳಿಯುವವು ಕಡಮೆ. ಚೆನ್ನಾಗಿ ಸಾಕಿದರೂ ಫೈಟರಿನ ಆಯುಸ್ಸು ಎರಡರಿಂದ ನಾಲ್ಕು ವರ್ಷ, ಅಂಗಡಿಯಲ್ಲಿ ಕೊಳ್ಳುವಾಗಲೇ ಅದರಲ್ಲಿ ಅರ್ಧ ವರ್ಷಕ್ಕೂ ಹೆಚ್ಚು ಕಳೆದಿರುತ್ತದೆ. ಯಾತನೆ ಮಿತಿ ಮೀರಿದಾಗ ಲವಂಗದೆಣ್ಣೆಯ ಯೂಜಿನಾಲ್ ಮೀನಿಗೆ ಅರಿವಳಿಕೆಯೆಂಬುದನ್ನು ಪಶುವೈದ್ಯರು ಬಲ್ಲರು. ಅವರನ್ನು ಕೇಳಿ ಮಾಡುವ ಕೆಲಸವದು. ಬದುಕಿರುವುದನ್ನು “ಹೋಗಿ ಬಾ ಮಗಾ” ಎಂದು ಕೆರೆಗೆ ಬಿಡುವುದು ಪುಣ್ಯವಲ್ಲ. ಕೆರೆಗೆ ಈ ಮೀನೂ ಬೇಡ, ಅದರ ರೋಗವೂ ಬೇಡ.

ಪ್ರವಾಸ ಪ್ರಕರಣ

ಸಾಧಾರಣವಾಗಿ ಗೃಹಸ್ಥರು ಮೀನಿನ ಕಾಯಿಲೆ ವಾಸಿಯಾದ ಮರುದಿನವೇ ಗೌರಿ-ಗಣೇಶನ ಹಬ್ಬಕ್ಕೆ ಊರಿಗೆ ಹೊರಡುತ್ತಾರೆ. ಬೀಗದ ಕೈ ಎದುರುಮನೆಗೆ ಹೋಗುತ್ತದೆ. ಆಗ ನಡೆಯುವ ಸಂವಾದ ಎಲ್ಲ ಅಪಾರ್ಟ್‌ಮೆಂಟುಗಳಲ್ಲೂ ಒಂದೇ ಪಾಠದಲ್ಲಿ ಸಿಗುತ್ತದೆ.

“ಆಂಟಿ, ದಿನಕ್ಕೆ ಎರಡೇ ಕಾಳು. ಮರೆತರೂ ಪರವಾಗಿಲ್ಲ.”

“ಎರಡೇನಾ? ಪಾಪ, ಹಸಿದುಕೊಂಡು ಇರತ್ತಲ್ಲಮ್ಮಾ. ನೋಡು, ನಾನು ಬಂದಾಗೆಲ್ಲ ಹೇಗೆ ಮೇಲೆ ಬರತ್ತೆ!”

ಅದು ಯಾರು ಬಂದರೂ ಮೇಲೆ ಬರುತ್ತದೆ, ಗಾಳಿಗೂ ಬರುತ್ತದೆ. ಆರೋಗ್ಯವಾಗಿರುವ ದೊಡ್ಡ ಫೈಟರ್ ನಾಲ್ಕು ದಿನ ಏನೂ ತಿನ್ನದೆ ಹಾಯಾಗಿರಬಲ್ಲುದು. ಆಂಟಿಯ ಕರುಣೆಯ ಎದುರು ಒಂದು ದಿನ ಬಾಳುವುದೂ ಕಷ್ಟ. ಆದ್ದರಿಂದ ಹೊರಡುವ ಮುನ್ನ ಅರ್ಧ ನೀರು ಬದಲಿಸಿ, ಹೀಟರ್ ಸ್ವಿಚ್ಚಿನ ಮೇಲೆ “ಆರಿಸಬೇಡಿ” ಎಂದು ಚೀಟಿ ಅಂಟಿಸಿ, ದಿನಕ್ಕೊಂದರಂತೆ ಎರಡೆರಡು ಕಾಳಿನ ಕಾಗದದ ಪೊಟ್ಟಣ ಕಟ್ಟಿ ಆಂಟಿಯ ಕೈಗಿಡಬೇಕು. ಕಾಳಿನ ಡಬ್ಬಿಯನ್ನು ಗಾಡ್ರೇಜ್ ಬೀರುವಿನಲ್ಲಿ, ಒಡವೆ ಇಡುವ ಖಾನೆಯಲ್ಲಿಟ್ಟು, ಆ ಬೀಗದ ಕೈಯನ್ನು ಮಾತ್ರ ಊರಿಗೆ ಒಯ್ಯತಕ್ಕದ್ದು.