ಪದಪಟದ ಹೇಳಿಕೆ: ಒಂದು ಕಾಲ್ಪನಿಕ ಸಂದರ್ಶನ

ರಾಯಚೂರು–ಗುಂತಕಲ್ ರೈಲುಮಾರ್ಗದಲ್ಲಿರುವ ಮಟಮಾರಿಯ ಆಸುಪಾಸಿನ ಯಾವುದೋ ಪ್ರಾಥಮಿಕ ಶಾಲೆಯ ಗೋಡೆಯ ಮೇಲೆ, ಎಡಕ್ಕೆ ಸಮಾನಾರ್ಥಕ ಪದಗಳನ್ನೂ ಬಲಕ್ಕೆ ವಿರುದ್ಧಾರ್ಥಕ ಪದಗಳನ್ನೂ ಹೊತ್ತು ತೂಗುವ ಪಟವೊಂದನ್ನು ಈ ಸಂದರ್ಶನಕ್ಕಾಗಿ ಕಲ್ಪಿಸಿಕೊಳ್ಳಲಾಗಿದೆ. ಒಂದೇ ಅರ್ಥವನ್ನು ಹೇಳುವ ಬೇರೆ ಬೇರೆ ಮಾತುಗಳು ಸಮಾನಾರ್ಥಕ ಅಥವಾ ಪರ್ಯಾಯ ಪದಗಳೆಂದೂ, ಒಂದರ ಅರ್ಥಕ್ಕೆ ಎದುರಾಗಿ ನಿಲ್ಲುವ ಮಾತು ವಿರುದ್ಧಾರ್ಥಕವೆಂದೂ ಶಾಲಾ ವ್ಯಾಕರಣಗಳು ಹೇಳುತ್ತವೆ. ಸರಕಾರಿ ಕಡತಗಳ ಸಹವಾಸದಿಂದಾಗಿ ಪಟವು ಉತ್ತಮ ಪುರುಷದಲ್ಲಿ, ಎಂದರೆ ಮಾತನಾಡುವವರು ತಮ್ಮನ್ನೇ ಸೂಚಿಸಿಕೊಳ್ಳುವ ರೂಪದಲ್ಲಿ, ಉತ್ತರಿಸಲು ಒಪ್ಪದೆ ಉದ್ದಕ್ಕೂ ‘ಪಟವು’ ಎಂದೇ ನುಡಿದಿದ್ದು, ಆ ಗತ್ತನ್ನು ತಿದ್ದದೆ ಉಳಿಸಿಕೊಳ್ಳಲಾಗಿದೆ.

ಪ್ರಶ್ನೆ: ಪಟದ ಮನೆತನದ ಪರಿಚಯವನ್ನು ಮಾಡಿಕೊಡಬಹುದೆ?

ಉತ್ತರ: ಪಟವು ಸಾಮಾನ್ಯ ಮನೆತನದ್ದಲ್ಲ. ಪದಗಳನ್ನು ಮೂರು ಕಾಂಡಗಳಾಗಿ ವಿಂಗಡಿಸಿ ಅಮರಸಿಂಹನು ಸಂಸ್ಕೃತದಲ್ಲಿ ರಚಿಸಿದ ಅಮರಕೋಶವೇ ಅದರ ಮೂಲಪುರುಷ. ರನ್ನಕಂದ, ನಾಗವರ್ಮನ ಅಭಿಧಾನವಸ್ತುಕೋಶ, ಮಂಗರಾಜನ ನಿಘಂಟು ಇವು ಕನ್ನಡದ ಕಡೆಯ ಹಿರಿಯರು. ಇವೆಲ್ಲ ಬಾಯಿಪಾಠಕ್ಕೆ ಒದಗುವಂತೆ ಪದ್ಯರೂಪದಲ್ಲಿದ್ದುದರಿಂದ, ಮಕ್ಕಳಿಂದ ಬಾಯಿಪಾಠ ಮಾಡಿಸುವ ಹಕ್ಕು ಪಟಕ್ಕೆ ಪಿತ್ರಾರ್ಜಿತವಾಗಿ ಬಂದಿದೆ.

ಪ್ರಶ್ನೆ: ಆ ಹಿರಿಯರು ಕವಿಗಳ ನೆರವಿಗೆ ನಿಂತವರು. ಮಾತ್ರೆ, ಅಂದರೆ ಅಕ್ಷರವನ್ನು ಉಚ್ಚರಿಸಲು ಹಿಡಿಯುವ ಕಾಲದ ಅಳತೆ, ಒಂದು ಪದದಲ್ಲಿ ಹೊಂದದಿದ್ದಾಗ ಕವಿಗೆ ಇನ್ನೊಂದು ಪದ ಬೇಕಾಗುತ್ತಿತ್ತು. ನಾಲ್ಕನೆಯ ತರಗತಿಯ ಮಗುವಿಗೆ ಅಂಥ ಯಾವ ಅಡಚಣೆ ಇದೆ?

ಉತ್ತರ: ಮಗುವಿಗೆ ಪರೀಕ್ಷೆ ಇದೆ, ಒಂದು ಪದಕ್ಕೆ ಒಂದು ಅಂಕವಿದೆ. ‘ನೀರು’ ಎಂಬುದರ ಮುಂದೆ ಜಲ, ಉದಕ, ಸಲಿಲ, ತೋಯ, ವಾರಿ ಎಂದು ಬರೆದರೆ ಅಂಕಗಳು ಬೀಳುತ್ತವೆ. ಒಬ್ಬ ಬಾಲಕನು ‘ನಮ್ಮ ಓಣಿಯ ನಲ್ಲಿಯಲ್ಲಿ ಮೂರು ದಿನದಿಂದ ತೋಯ ಬಂದಿಲ್ಲ’ ಎಂದು ವಾಕ್ಯ ರಚಿಸಿದಾಗ ತರಗತಿಯೆಲ್ಲ ನಕ್ಕಿತು. ಆದರೆ ಪಟದ ಪ್ರಕಾರ ಆ ವಾಕ್ಯದಲ್ಲಿ ಯಾವ ತಪ್ಪೂ ಇಲ್ಲ.

ಪ್ರಶ್ನೆ: ಹಾಗಾದರೆ ಹೊಟ್ಟೆಯೂ ಜಠರವೂ ಒಂದೇ, ಕಿಚ್ಚೂ ಅಗ್ನಿಯೂ ಒಂದೇ ಎಂದಾಯಿತು. ನೆರೆಮನೆಯವರು ಟ್ರ್ಯಾಕ್ಟರ್ ಕೊಂಡದ್ದನ್ನು ಕಂಡು ಹೊಟ್ಟೆಕಿಚ್ಚು ಪಟ್ಟವನಿಗೆ ಜಠರಾಗ್ನಿ ಹೆಚ್ಚಿದೆ ಎನ್ನಬಹುದೆ?

ಉತ್ತರ: (ಸ್ವಲ್ಪ ಹೊತ್ತು ಗಾಳಿಗೆ ಅಲುಗಾಡಿ) ಎನ್ನಲಾಗದು, ಹಾಗೆಂದರೆ ಅವನಿಗೆ ಹೊಟ್ಟೆಕಿಚ್ಚಿನ ಬದಲು ಹಸಿವು ಹೆಚ್ಚಿದೆ ಎಂದಾಗಿ, ಮನೆಯವರು ಎರಡು ರೊಟ್ಟಿ ಹೆಚ್ಚಿಗೆ ಬಡಿಯಬೇಕಾದೀತು. ಆದರೆ ಇಂಥ ಪ್ರಶ್ನೆಯು ಪಠ್ಯಕ್ರಮದಲ್ಲಿಲ್ಲ.

ಪ್ರಶ್ನೆ: ಬಲಬದಿಯ ಪಟ್ಟಿಯಲ್ಲಿ ಪದದ ಹಿಂದೆ ‘ಅ’ ಸೇರಿಸಿದರೆ ವಿರುದ್ಧಾರ್ಥ ಸಿದ್ಧ ಎಂಬ ಸೂತ್ರ ಕಾಣುತ್ತದೆ. ಇದು ಎಲ್ಲಿಯೂ ಸಲ್ಲುತ್ತದೆಯೆ?

ಉತ್ತರ: ನ್ಯಾಯಕ್ಕೆ ಅನ್ಯಾಯ, ಶಾಂತಿಗೆ ಅಶಾಂತಿ ಎಂಬಲ್ಲಿ ಸಲ್ಲುತ್ತದೆ. ‘ಮೂಲ್ಯ’ದ ಹಿಂದೆ ‘ಅ’ ಬಂದಾಗ ಮಾತ್ರ ಬೆಲೆಯಿಲ್ಲದ್ದು ಎಂಬ ಅರ್ಥ ಹುಟ್ಟುವ ಬದಲು ಬೆಲೆ ಕಟ್ಟಲಾಗದ್ದು ಎಂಬ ಅರ್ಥ ಹುಟ್ಟಿ ಪಟಕ್ಕೆ ಮುಜುಗರವಾಗಿದೆ. ಗುರು–ಶಿಷ್ಯ ಎಂಬ ಜೋಡಿಯನ್ನೂ ವಿರುದ್ಧಾರ್ಥಕಗಳ ಸಾಲಿನಲ್ಲೇ ಮುದ್ರಿಸಲಾಗಿದೆ. ಅವರಲ್ಲಿ ಒಬ್ಬರಿಲ್ಲದೆ ಇನ್ನೊಬ್ಬರಿಲ್ಲ ಎಂಬುದೂ, ಛಂದಸ್ಸಿನಲ್ಲಿ ಗುರುವಿಗೆ ಎದುರಾಗುವುದು ಲಘು ಎಂಬುದೂ ಪಟಕ್ಕೆ ಗೊತ್ತಿದ್ದರೂ ಜಾಗದ ಅಭಾವವಿತ್ತು. ಬಿಸಿ ಮತ್ತು ತಂಪಿನ ನಡುವೆ ಬೆಚ್ಚಗೆ, ಉಗುರುಬೆಚ್ಚಗೆ ಎಂಬ ಮೆಟ್ಟಿಲುಗಳಿದ್ದು, ಹುಟ್ಟು ಮತ್ತು ಸಾವಿನ ನಡುವೆ ಅವಿಲ್ಲವೆಂಬ ಭೇದವನ್ನು ಹೇಳದಿರಲೂ ಅದೇ ಕಾರಣ.

ಪ್ರಶ್ನೆ: ಮಗುವೊಂದು ‘ತುಟ್ಟಿ’ಗೆ ವಿರುದ್ಧವಾಗಿ ‘ಸೋವಿ’ ಎಂದು ಬರೆದುದಕ್ಕೆ ಕೆಂಪು ಶಾಯಿಯ ಸುತ್ತು ಬಿದ್ದಿತೆಂಬ ದೂರಿದೆ.

ಉತ್ತರ: ಪಟದಲ್ಲಿ ಇರುವುದು ‘ಅಗ್ಗ’. ಸೋವಿ ಎಂಬ ಮಾತು ಸಂತೆಯಲ್ಲಿ ನಡೆಯುತ್ತದೆ, ಮಗುವಿನ ಅವ್ವನ ಬಾಯಲ್ಲಿ ನಡೆಯುತ್ತದೆ. ಪಟವು ಸಂತೆಗೆ ಹೋಗುವುದಿಲ್ಲ.

ಪ್ರಶ್ನೆ: ಆದರೆ ಸಂತೆಯಲ್ಲಿ ನಗದಿಗೆ ಉದ್ರಿ ಎದುರಾಗಿದೆ, ಹೊಲದಲ್ಲಿ ಮುಂಗಾರಿಗೆ ಹಿಂಗಾರಿ ಎದುರಾಗಿದೆ. ನೀರು ಹರಿದು ನೆಲ್ಲು ಬೆಳೆಯುವ ತರಿ ಭೂಮಿಗೆ ಎದುರಾಗಿ ಮಳೆಯನ್ನೇ ನಂಬಿದ ಖುಷ್ಕಿ ಭೂಮಿ ಇದೆ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ರಾಯಚೂರು ಜಿಲ್ಲೆಯ ಕಂದಾಯ ಕಾಗದಗಳಿಂದ ರೈತರ ನಾಲಿಗೆಗೆ ಇಳಿದ ಈ ಜೋಡಿಯನ್ನು ಮಗುವು ಶಾಲೆಗೆ ಬರುವ ಮೊದಲೇ ಕಲಿತಿರುತ್ತದೆಯಲ್ಲವೆ?

ಉತ್ತರ: ಶಾಲೆಗೆ ಬರುವ ಮೊದಲೇ ಕಲಿತದ್ದನ್ನು ಲೆಕ್ಕಕ್ಕೆ ಹಿಡಿಯುವ ಅಧಿಕಾರ ಪಟಕ್ಕಿಲ್ಲ.

ಪ್ರಶ್ನೆ: ಈ ಸೀಮೆಯಲ್ಲಿ ಸಮಾನಾರ್ಥಕ ಪದಗಳನ್ನು ಪಟಕ್ಕಿಂತ ಚೆನ್ನಾಗಿ ಬಲ್ಲವರು ಯಾರು?

ಉತ್ತರ: ನಿಸ್ಸಂದೇಹವಾಗಿ ಸರಕಾರಗಳು. ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಳೆದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರ ವರದಿಯಲ್ಲಿ 114 ತಾಲೂಕುಗಳನ್ನು ಹಿಂದುಳಿದ, ಅತಿ ಹಿಂದುಳಿದ, ಅತ್ಯಂತ ಹಿಂದುಳಿದ ಎಂದು ಮೂರು ಮೆಟ್ಟಿಲುಗಳಲ್ಲಿ ಪ್ರಾಮಾಣಿಕವಾಗಿ ಬೇರ್ಪಡಿಸಿ, ಈ ಜಿಲ್ಲೆಯ ದೇವದುರ್ಗವನ್ನು ಕೊನೆಯ ಮೆಟ್ಟಿಲಲ್ಲಿ ಇರಿಸಿತು. 2018ರಲ್ಲಿ ಕೇಂದ್ರದ ಯೋಜನೆಯೊಂದು ರಾಯಚೂರನ್ನು ‘ಮಹತ್ವಾಕಾಂಕ್ಷಿ ಜಿಲ್ಲೆ’ ಎಂದು ಕರೆಯಿತು. 2019ರಲ್ಲಿ, ಈ ಜಿಲ್ಲೆಯನ್ನು ಒಳಗೊಂಡ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾಯಿತು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದ ಮಾನ್ವಿ, ರಾಯಚೂರು ಕಡೆಯ ರೈತರು ಮಾತ್ರ ನೀರಿಗೆ ಪರ್ಯಾಯ ಪದವನ್ನು ಬಿಟ್ಟು ನೀರನ್ನೇ ಕೇಳುತ್ತ, ಭಾಷಾಭ್ಯಾಸದಲ್ಲಿ ಹಿಂದೆ ಬಿದ್ದಿದ್ದಾರೆ.

ಪ್ರಶ್ನೆ: ಕನ್ನಡ ಸಾಹಿತ್ಯ ಪರಿಷತ್ತು 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಹೊರತಂದ ನಿಘಂಟು, ಕಾವ್ಯ ಮತ್ತು ಶಾಸನಗಳಿಂದ ಪದದ ಪ್ರಯೋಗಗಳನ್ನು, ಅಂದರೆ ಅದು ಬಂದಿರುವ ವಾಕ್ಯಗಳನ್ನು, ಎತ್ತಿ ಕೊಟ್ಟಿದೆ. ಪಟದಲ್ಲಿ ಒಂದು ವಾಕ್ಯವೂ ಏಕಿಲ್ಲ?

ಉತ್ತರ: ವಾಕ್ಯ ಕೊಟ್ಟರೆ ಮಕ್ಕಳು ಯೋಚಿಸತೊಡಗುತ್ತಾರೆ, ಯೋಚಿಸಿದರೆ ಪ್ರಶ್ನೆ ಕೇಳುತ್ತಾರೆ, ಪ್ರಶ್ನೆ ಕೇಳಿದರೆ ಗಂಟೆ ಹೊಡೆಯುವುದರೊಳಗೆ ಪಾಠ ಮುಗಿಯುವುದಿಲ್ಲ.

ಪಟವು ವ್ಯಂಗ್ಯವಿಲ್ಲದೆ ಆಡಿದ ಈ ಕೊನೆಯ ಉತ್ತರದಲ್ಲಿಯೇ ಬೋಧನೆಯ ದಾರಿಯೂ ಇದೆ. ಪರ್ಯಾಯ ಪದವನ್ನು ಪಟ್ಟಿಯಾಗಿ ಒಪ್ಪಿಸಲು ಹೇಳುವುದಕ್ಕಿಂತ, ಒಂದು ವಾಕ್ಯದಿಂದ ಒಂದು ಪದವನ್ನು ತೆಗೆದು ಅದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ಓದಿಸಿದರೆ, ಯಾವುದು ಹೊಂದುತ್ತದೆ, ಯಾವುದು ನಗೆ ತರಿಸುತ್ತದೆ, ಯಾವುದು ಅರ್ಥವನ್ನೇ ಬದಲಿಸುತ್ತದೆ ಎಂಬುದನ್ನು ಮಗುವಿನ ಕಿವಿಯೇ ತೀರ್ಮಾನಿಸುತ್ತದೆ. ವಿರುದ್ಧ ಪದಗಳನ್ನು ಕಲಿಸುವಾಗ ನಡುವಿನ ಮೆಟ್ಟಿಲುಗಳನ್ನೂ ಗೆರೆಯೆಳೆದು ಬರೆಸಬೇಕು. ಕನ್ನಡದೊಂದಿಗೆ ತೆಲುಗು, ಉರ್ದುಗಳನ್ನೂ ಕೇಳಿ ಬೆಳೆಯುವ ಈ ಗಡಿಭಾಗದ ಮಕ್ಕಳಿಗೆ ಮನೆಯಲ್ಲಿ ಅದಕ್ಕೆ ಏನೆನ್ನುತ್ತಾರೆ ಎಂದು ಮೊದಲು ಕೇಳಿ, ಆ ಮಾತನ್ನೂ ಹಲಗೆಯ ಮೇಲೆ ಬರೆಯಬೇಕು. ಸೋವಿ ತಪ್ಪಲ್ಲ, ಅಗ್ಗವೂ ತಪ್ಪಲ್ಲ. ಎರಡನ್ನೂ ಬಲ್ಲ ಮಗುವಿನಿಂದ ಒಂದನ್ನು ಕಸಿದುಕೊಳ್ಳುವುದೇ ತಪ್ಪು. ಶಿಕ್ಷಕರು ಕೆಂಪು ಶಾಯಿಯ ಸುತ್ತು ಎಳೆಯುವ ಮೊದಲು ಇಷ್ಟನ್ನು ಗಮನಿಸಿದರೆ ಸಾಕು.